ಸೋಮಾರಿ ತೊಡೆಯ ಒಂದು ಚೂರು

ಡೆಲ್ವಿನ್ ಕ್ರಾನನ ಡಾಕ್ಟರೇಟಿಗೆ ಕಲ್ಲು ಹಾಕಿದ್ದು ಒಂದು ನಾಯಿಮರಿ. ಅದೂ ಅವನದಲ್ಲ, ಬೇರೆಯವರದು.

ಹ್ಯಾಮಿಲ್ಟನ್ ಊರಿನ ಸ್ನಾಯು ಪ್ರಯೋಗಾಲಯವೊಂದರಲ್ಲಿ ಅವನು ಏಳು ವರ್ಷದಿಂದ ಜೀವ ತೇಯುತ್ತಿದ್ದದ್ದು ಮೈ ಬಗ್ಗಿಸದ ಗಂಡಸರ ತೊಡೆಗಳ ಮೇಲೆ. ಅಂಥವನ ತೊಡೆಯಿಂದ ಬಟಾಣಿಯಷ್ಟು ಸ್ನಾಯು ತೆಗೆಯಬೇಕು. ಆರು ವಾರ ಆ ಮಹಾರಾಯ ಹಾಗೇ ಬಿದ್ದುಕೊಂಡಿರಬೇಕು. ಆಮೇಲೆ ಇನ್ನೊಂದು ಚೂರು ತೆಗೆದು ಹೋಲಿಸಬೇಕು. ನಡುವೆ ಅವನು ಚುರುಕಾದನೋ, ಎರಡೂ ಚೂರು ಕಸದ ಬುಟ್ಟಿಗೆ. ಬಾಕಿಯಿದ್ದವನು ಒಬ್ಬನೇ ಸೋಮಾರಿ. ಅವನು ಬೆಳಿಗ್ಗೆ ಫೋನ್ ಮಾಡಿ, "ಬೇಜಾರು ಮಾಡ್ಕೋಬೇಡ ಕಣಪ್ಪ, ನಾಯಿಮರಿ ತಂದ್ಬಿಟ್ಟೆ. ಎರಡು ಹೊತ್ತೂ ವಾಕಿಂಗು," ಎಂದ.

ಪ್ರೊಫೆಸರ್ ಟ್ಯಾಕಬೆರಿಯಮ್ಮ ಟ್ರೆಡ್‌ಮಿಲ್ ಮೇಲೆ ನಡೆಯುತ್ತಲೇ ತೀರ್ಪು ಕೊಟ್ಟರು: "ಇವತ್ತೇ ಇನ್ನೊಬ್ಬನ್ನ ಹಿಡ್ಕೊಂಡು ಬಾ. ನಾಳೆಯಿಂದ ಸೂಜಿ ಹಾಕೋ ಡಾಕ್ಟರು ರಜಾ. ಈ ವರ್ಷಾನೂ ಮುಗಿಸ್ಲಿಲ್ಲ ಅಂದ್ರೆ ಯೂನಿವರ್ಸಿಟಿಯೋರು ನಿನ್ನ ಹೆಸರು ಹೊಡೆದುಹಾಕ್ತಾರೆ. ನಾನೇನೂ ಮಾಡೋಕಾಗಲ್ಲ."

ಆ ಕಟ್ಟಡದಲ್ಲಿ ಸೋಮಾರಿಯನ್ನು ಹುಡುಕುವುದೆಂದರೆ ಮದುವೆಮನೆಯಲ್ಲಿ ಉಪವಾಸದವರನ್ನು ಹುಡುಕಿದ ಹಾಗೆ. ಗುಮಾಸ್ತೆ ಮ್ಯಾರಥಾನ್ ಓಡುವವಳು, ಕಸ ಗುಡಿಸುವವನು ಸರೋವರ ಈಜುವವನು. ಪ್ರಯೋಗಾಲಯದ ಸಹಾಯಕ ಬೋಹ್ಡಾನ್, ಕೇಳದಿದ್ದರೂ ಸಲಹೆ ಕೊಡುವ ಆಸಾಮಿ, ಲೈಬ್ರರಿಯ ಮೂಲೆಯಲ್ಲಿ ತೂಕಡಿಸುತ್ತಿದ್ದ ಒಬ್ಬನನ್ನು ತೋರಿಸಿದ. ಎಬ್ಬಿಸಿ ಕೇಳಿದರೆ, ರಾತ್ರಿಯಿಡೀ ಐಸ್-ಹಾಕಿ ಪಂದ್ಯ ಆಡಿ ಬಂದ ದಣಿವಂತೆ.

ಸೋತು ಸುಣ್ಣವಾದ ಡೆಲ್ವಿನ್ ಎದುರಿನ ಲಾಟರಿ ಅಂಗಡಿಗೆ ಕಾಫಿಗೆ ಹೋದ. ಅಲ್ಲಿ ತಿರುಗುವ ಸ್ಟೂಲಿನ ಮೇಲೆ ಅಂಗಡಿಯ ಮಾಲೀಕ, ಅರವತ್ತು ದಾಟಿದ ಗಾರ್ನೆಟ್ ಸ್ಕೋಬಿ ಕೂತಿದ್ದರು. ಎದ್ದರೆ ಎಲ್ಲಿ ಆಯಸ್ಸು ಕರಗುತ್ತದೋ ಎಂಬಂತೆ, ಕೊಕ್ಕೆ ಕಟ್ಟಿದ ಕೋಲಿನಿಂದ ಚಿಪ್ಸ್ ಪೊಟ್ಟಣ ಕೆಳಗಿಳಿಸುತ್ತಿದ್ದರು. ಡೆಲ್ವಿನ್‌ಗೆ ಕಣ್ಣು ತುಂಬಿಬಂತು.

"ನಾನೇನು ಮಾಡ್ಬೇಕಪ್ಪ?" ಎಂದರು ಎಲ್ಲ ಕೇಳಿಸಿಕೊಂಡು.

"ಏನೂ ಮಾಡ್ಬಾರ್ದು."

"ಇದಕ್ಕೇ ನನ್ನ ಹೆಂಡ್ತಿ ನಲವತ್ತು ವರ್ಷದಿಂದ ಬೈತಿದಾಳೆ. ಮರ್ಯಾದೆ ಕೊಟ್ಟೋನು ನೀನೊಬ್ಬನೇ ನೋಡು. ನಡಿ."

ಹೋಗಿ ನೋಡಿದರೆ ಲಿಫ್ಟು ಕೆಟ್ಟು ಕೂತಿತ್ತು. ಚೂರು ತೆಗೆಯುವ ಮೊದಲು ತೊಡೆಗೆ ಶ್ರಮವಾಗಬಾರದು. ಸರಿ, ಗಾಲಿಕುರ್ಚಿಯಲ್ಲಿ ಕೂರಿಸಿ, ಡೆಲ್ವಿನ್ ಮುಂದೆ, ಬೋಹ್ಡಾನ್ ಹಿಂದೆ, ಮೂರು ಮಹಡಿ ಹೊತ್ತರು. ಮೇಲೆ ಗಾರ್ನೆಟ್ ಉತ್ಸವಮೂರ್ತಿಯಂತೆ ಡೋನಟ್ ತಿನ್ನುತ್ತಿದ್ದರು.

ನಡುಮೆಟ್ಟಿಲಲ್ಲಿ ಬೋಹ್ಡಾನ್ ಶುರುಹಚ್ಚಿಕೊಂಡ: "ಯಜಮಾನ್ರೇ, ದಿನಾ ಹತ್ತು ನಿಮಿಷ ನೀವು..."

"ಬಾಯ್ಮುಚ್ಚೋ!" ಎಂದು ಡೆಲ್ವಿನ್ ಅವನ ಬಾಯಿಗೆ ಕೈ ಹಾಕಲು ಹೋದ. ಕುರ್ಚಿ ಜಾರಿತು. ಬೋಹ್ಡಾನ್ ಹೊಟ್ಟೆಯಲ್ಲಿ ಅದನ್ನು ತಡೆದುಕೊಂಡ. ಡೆಲ್ವಿನ್ ಮೊಣಕಾಲು ಒಡೆದುಕೊಂಡ. ಡೋನಟ್‌ಗೆ ಏನೂ ಆಗಲಿಲ್ಲ.

ಉಪದೇಶ ಆ ವಿಭಾಗದವರ ಹುಟ್ಟುರೋಗ. ಪ್ರೊಫೆಸರಮ್ಮ "ನಿಮ್ಮ ಬಿಪಿ..." ಎಂದು ಬಾಯಿ ತೆರೆದಾಗ ಡೆಲ್ವಿನ್ ಕೈಮುಗಿದ. ಮ್ಯಾರಥಾನ್ ಗುಮಾಸ್ತೆ ಹಳೆಯ ಶೂ ಹಿಡಿದು ಬಂದಾಗ ಬಾಗಿಲಿಗೆ ಅಡ್ಡ ನಿಂತ. ಡಾಕ್ಟರ ಕಿವಿಯಲ್ಲೂ "ಒಳ್ಳೇ ಮಾತೊಂದೂ ಬೇಡಿ" ಎಂದು ಬೇಡಿಕೊಂಡ. ಮರಗಟ್ಟಿದ ತೊಡೆಗೆ ಪೆನ್ನಿನಷ್ಟು ದಪ್ಪದ ಸೂಜಿ ಹೋಯಿತು, ಬಂತು. ಚೂರು ಹೊಗೆಯಾಡುವ ತಣ್ಣನೆಯ ದ್ರವದಲ್ಲಿ ಕ್ಷಣದಲ್ಲೇ ಗಟ್ಟಿಯಾಯಿತು. ಏಳು ವರ್ಷದಲ್ಲಿ ಅಷ್ಟು ಚೆಂದದ ಚೂರು ಸಿಕ್ಕಿರಲಿಲ್ಲ.

"ನಂದು ಹೇಗಿದೆ ಅಂತ ನಾನೂ ನೋಡ್ಬಹುದಾ?" ಎಂದರು ಗಾರ್ನೆಟ್.

ಡೆಲ್ವಿನ್ ಕರಗಿಹೋದ. ಅವನ ಕೆಲಸ ನೋಡುತ್ತೇನೆಂದು ಸ್ವಂತ ತಾಯಿಯೂ ಕೇಳಿದವಳಲ್ಲ. ಅಂಚಿನದೊಂದು ತೆಳು ಪದರ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಮುಂದೆ ಅವರನ್ನು ಕೂರಿಸಿದ.

"ಕಪ್ಪಗಿರೋವು ನಿಧಾನದ ಎಳೆಗಳು, ಗಂಟೆಗಟ್ಟಲೆ ದುಡಿದ್ರೂ ದಣಿಯಲ್ಲ. ಬಿಳಿಚಿಕೊಂಡಿರೋವು ಆತುರದವು, ಸಕ್ಕರೆಯೆಲ್ಲ ಒಂದೇ ಸಲ ಸುಟ್ಟು ಸುಸ್ತಾಗೋವು. ಒಳಗೆ ಚುಕ್ಕಿ ಚುಕ್ಕಿ ಇದೆಯಲ್ಲ, ಅದು ಮೈಟೊಕಾಂಡ್ರಿಯ. ಒಲೆ ಅಂದ್ಕೊಳ್ಳಿ."

"ನನ್ನಲ್ಲಿ ಒಲೆ ಕಮ್ಮಿ ಕಾಣುತ್ತೆ."

"ಕಮ್ಮಿನೇ. ಆದ್ರೆ ಕೆಲಸ ಬಿದ್ರೆ ಕೆಲವೇ ವಾರದಲ್ಲಿ ಎಳೆ ತಾನೇ ಹೊಸ ಒಲೆ ಹೂಡ್ಕೊಳ್ಳುತ್ತೆ. ಯಾವ ವಯಸ್ಸಲ್ಲಾದ್ರೂ! ಅವು ಸತ್ತಿಲ್ಲ ಗಾರ್ನೆಟ್, ಕಾಯ್ತಾ ಕೂತಿವೆ."

"ಯಾರಿಗೆ?"

"ನಿಮಗೇ!"

ಗಾರ್ನೆಟ್ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಗಾಲಿಕುರ್ಚಿಯಲ್ಲೇ ಕೆಳಗಿಳಿದು ಮನೆಗೆ ಟ್ಯಾಕ್ಸಿ ಹತ್ತಿದರು.

ಸಂಜೆ ಡೆಲ್ವಿನ್ ಒಡೆದ ಮೊಣಕಾಲು ಎಳೆದುಕೊಂಡು ಮನೆಗೆ ಹೊರಟ. ಮೈಯೆಲ್ಲ ನೋವು, ಮನಸ್ಸು ಮಾತ್ರ ಹಗುರ. ಊರಗುಡ್ಡದ ಕಬ್ಬಿಣದ ಮೆಟ್ಟಿಲ ಬಳಿ ಬಂದಾಗ, ಜನ ಬದಿಗೆ ಸರಿದು ಯಾರಿಗೋ ಚಪ್ಪಾಳೆ ತಟ್ಟುತ್ತಿದ್ದರು. ಕಂಬಿ ಹಿಡಿದು, ತೊಡೆಯ ಪಟ್ಟಿ ಒತ್ತಿಕೊಂಡು, ಬೆವರಿ ನೀರಾಗಿ ಮೇಲೇರುತ್ತಿದ್ದವರು ಗಾರ್ನೆಟ್ ಸ್ಕೋಬಿ.

ಡೆಲ್ವಿನ್ ಏದುಸಿರು ಬಿಡುತ್ತ ಹತ್ತಿ ಅವರ ತೋಳು ಹಿಡಿದ. "ಯಾರು... ಯಾರು ನಿಮ್ಮ ತಲೆ ಕೆಡಿಸಿದ್ದು? ಬೋಹ್ಡಾನಾ? ಮೇಡಮ್ಮಾ?"

"ಅವರ್ಯಾರ ಮಾತು ಯಾರು ಕೇಳ್ತಾರೆ? ನೀನೇ ಅಲ್ವೇನಪ್ಪ! ಏನೂ ಮಾಡ್ಬಾರ್ದು ಅಂದಿದ್ದೆ, ನಿಜ. ಆದ್ರೆ ಪಾಪ, ಅರವತ್ತು ವರ್ಷದಿಂದ ಕಾಯ್ತಾ ಕೂತಿವೆ ಅಂದ ಮೇಲೆ ಸುಮ್ನಿರೋಕೆ ಮನಸ್ಸು ಬರ್ಲಿಲ್ಲ." ಅವರು ಡೆಲ್ವಿನ್‌ನ ಬೆನ್ನು ತಟ್ಟಿದರು. "ನೀನೇನೂ ಯೋಚ್ನೆ ಮಾಡ್ಬೇಡ. ಆರು ವಾರ ಬಿಟ್ಟು ಇನ್ನೊಂದು ಚೂರು ತೆಗಿ. ಗುರುತೇ ಸಿಗಲ್ಲ ನಿಂಗೆ!"

ಏಳು ವರ್ಷದಲ್ಲಿ ಅವನ ಪಾಠವನ್ನು ಇಷ್ಟು ಮನಸ್ಸಿಟ್ಟು ಕೇಳಿದ ವಿದ್ಯಾರ್ಥಿ ಇನ್ನೊಬ್ಬನಿರಲಿಲ್ಲ. ಡೆಲ್ವಿನ್ ತಣ್ಣನೆಯ ಮೆಟ್ಟಿಲ ಮೇಲೆ ಕುಸಿದು ಕೂತ.

"ಏಳಪ್ಪ, ಏಳು," ಎಂದರು ಗಾರ್ನೆಟ್, "ಹೀಗೆ ಕೂತ್ರೆ ಆಗಲ್ಲ."