ಕುಂಟುವ ಮೂರನೆಯ ಸಾಲು

ಓದಿದವರು ನಮಗೆ ಗೊತ್ತಿರುವುದನ್ನೇ ನಮಗೆ ತಿಳಿಯದ ಹಾಗೆ ಹೇಳುತ್ತಾರೆ. ಅದನ್ನು ಕಲಿಯುವುದಕ್ಕೆ ಅವರಿಗೆ ಎಷ್ಟು ವರ್ಷ ಹಿಡಿಯುತ್ತದೋ. ನಾನು ಅಕ್ಷರ ಕಲಿತದ್ದು ಮರಳಿನ ಮೇಲೆ. ಅರ್ಧ ಗಾಳಿಗೆ ಹೋಯಿತು, ಉಳಿದರ್ಧದಲ್ಲಿ ಇದನ್ನು ಬರೆಯುತ್ತಿದ್ದೇನೆ.

ಹೆಂಗಸರ ಹಾಡು ಬರೆದುಕೊಂಡು ಅಚ್ಚು ಹಾಕಿಸುತ್ತೇನೆಂದು ಮಧುಗಿರಿಯ ಮೇಷ್ಟ್ರೊಬ್ಬರು ನಮ್ಮ ಪುರವರಕ್ಕೆ ಬಂದು ಜಗಲಿಯ ಮೇಲೆ ಕೂತರು. ನನ್ನ ಮಗ ಕೆಂಚನಿಗೆ ನಾಲ್ಕು ವರ್ಷದಲ್ಲಿ ಅಮ್ಮ ಎದ್ದು ಮೈತುಂಬ ಸಿಡುಬಾದಾಗ ನಾನೇ ಕಟ್ಟಿಕೊಂಡದ್ದನ್ನು ಹೇಳಿದೆ:

ತಣ್ಣಗೆ ಬಂದವಳೆ ತಣ್ಣಗೆ ಹೋಗವ್ವ
ಕಣ್ಣೆರಡ ನಮಗೆ ಬಿಟ್ಟೋಗು
ಎಚ್ಚರವೇನೊ ಕೆಂಚ

ಮೇಷ್ಟ್ರು ಬೆರಳು ಮಡಿಸಿ ಗಣ ಎಣಿಸಿದರು. ಇದು ಬೀಸುವ ಕಲ್ಲಿನ ಪದ, ಕೈ ಸೋತಲ್ಲಿ ಮೂರನೆಯ ಸಾಲು ಕುಂಟಿದೆ, ಹೀಗೇ ಅಚ್ಚಾದರೆ ಜನ ನಗುತ್ತಾರೆ ಎಂದರು. ತಾವೇ 'ಮುದ್ದಿನ ಕಂದಯ್ಯ' ಎಂದು ಸೇರಿಸಿ ಸಾಲು ತುಂಬಿಸಿದರು. ನನಗೆ ಮೈ ಉರಿಯಿತು.

"ಅಮ್ಮ ಬಂದಿರೋ ಮನೇಲಿ ಬೀಸೋ ಕಲ್ಲು ಮುಟ್ತಾರಾ ಮೇಷ್ಟ್ರೇ? ನಿಮ್ಮವ್ವ ಮುಟ್ತಿದ್ಲಾ?"

ಆ ಮನೆಯಲ್ಲಿ ಬೀಸುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಬೇವಿನ ಸೊಪ್ಪಿನಲ್ಲಿ ಗಾಳಿ ಹಾಕುತ್ತಾ ಕೂತಿರಬೇಕು. ಹುಡುಗನ ರೆಪ್ಪೆ ಊದಿ ಮುಚ್ಚಿತ್ತು. ಮಲಗಿದ್ದಾನೋ ಹೋಗಿಯೇಬಿಟ್ಟನೋ ನೋಡಿದರೆ ತಿಳಿಯುತ್ತಿರಲಿಲ್ಲ. ಅದಕ್ಕೇ ಎರಡು ಸಾಲು ದೇವಿಗೆ, ಒಂದು ಅವನಿಗೆ. ಅವನು ಊಂ ಎಂದರೆ ಮತ್ತೆ ಮೊದಲಿನಿಂದ. ಒಂದು ಬೆಳಗ್ಗೆ ಊಂ ಬರಲಿಲ್ಲ. ಆ ಸಾಲನ್ನೇ ನಾಲ್ಕು ಸಲ ಹೇಳಿದೆ. ಆಮೇಲೆ, "ಸಾಕು ಬುಡವ್ವ," ಎಂದ. ಎರಡೇಟು ಬಿಡಬೇಕು ಅನ್ನಿಸಿತು. ಮೈಮೇಲೆ ಅಮ್ಮ ಇದ್ದಳು, ಹೊಡೆಯದೆ ಬಿಟ್ಟೆ.

"ಆ ಜಾಗ ನೀವು ತುಂಬ್ಬುಟ್ರೆ ನನ್ ಮಗ ಎಲ್ಲಿ ಊಂ ಅಂತಾನೆ?" ಎಂದು ಕೇಳಿದೆ.

ಮೇಷ್ಟ್ರು, ಒಂದು ಸಲ ಹಾಡಿ ತೋರಿಸಿ ಅಜ್ಜಿ, ಎಂದರು. ಹಾಡಿ, ಮೂರನೆಯ ಸಾಲಿಗೆ ನಿಲ್ಲಿಸಿದೆ. ಒಳಗೆ ಮುದ್ದೆ ಉಣ್ಣುತ್ತಿದ್ದ ಮೀಸೆಯ ಕೆಂಚ, ತುತ್ತು ಬಾಯಲ್ಲಿಟ್ಟುಕೊಂಡೇ, "ಊಂ" ಎಂದ.

ಮೇಷ್ಟ್ರು ತಮ್ಮ ಕಂದಯ್ಯನನ್ನು ಹೊಡೆದುಹಾಕಿದರು.

ಅಷ್ಟಕ್ಕೆ ಮುಗಿಯಬೇಕಿತ್ತು. ಬಾಗಿಲಲ್ಲಿ ನಿಂತಿದ್ದ ಸೊಸೆ, "ಯಾರಾದ್ರೂ ಊಂ ಅನ್ನದಿದ್ರೆ ನಮ್ಮತ್ತೆಗೆ ಮುಂದಿನ ಮಾತೇ ಬರಾಕಿಲ್ಲ, ಅದ್ನೂ ಬರ್ಕಳಿ," ಎಂದಳು.

ಅದು ಸುಳ್ಳು ಎಂದೆ. ಯಾರೂ ಊಂ ಅನ್ನಲಿಲ್ಲ. ಅದು ಸುಳ್ಳು ಎಂದು ಇನ್ನೊಂದು ಸಲ ಹೇಳಿದೆ.