ಗೇಣುದ್ದ ಮೇಲೆದ್ದ ಜೀಪು

ಇದ್ದ ವಸ್ತುವನ್ನು ಇದ್ದ ಹಾಗೆ ಬಳಸಲಾರದ ಜನ ಕೆಲವರಿರುತ್ತಾರೆ. ಹೊಸ ಕೊಡೆ ತಂದರೆ ಅದರ ಹಿಡಿಗೆ ಹಿತ್ತಾಳೆಯ ಕಟ್ಟು ಹಾಕಿಸುತ್ತಾರೆ. ಗಡಿಯಾರ ತಂದರೆ ಬಿಚ್ಚಿ, ಎಣ್ಣೆ ಬಿಟ್ಟು, ಮುಚ್ಚಿ, ಆಮೇಲೆ ಕಂಡಕಂಡವರನ್ನೆಲ್ಲ ಗಂಟೆ ಎಷ್ಟೆಂದು ಕೇಳುತ್ತ ತಿರುಗುತ್ತಾರೆ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದೂರದವರಾದರೆ ನಕ್ಕು ಸುಮ್ಮನಾಗಬಹುದು. ದೇವರು ಅವರಲ್ಲೇ ಒಬ್ಬನನ್ನು ಆರಿಸಿ ನನಗೆ ಷಡ್ಡಕನನ್ನಾಗಿ ಕೊಟ್ಟಿದ್ದಾನೆ.

ಪಂಪಾಪತಿ ನನ್ನ ಹೆಂಡತಿ ನೀಲಮ್ಮನ ಅಕ್ಕನ ಗಂಡ. ಆದೋನಿಯಲ್ಲಿ ಶೇಂಗಾ ಎಣ್ಣೆಯ ಗಿರಣಿ ಇಟ್ಟವನು. ನಾನು ಅದೇ ಊರಿನಲ್ಲಿ ಕನ್ನಡ ಮಾಸ್ತರ. ನಮ್ಮ ಸೀಮೆ ಮದರಾಸನ್ನು ಬಿಟ್ಟು ಆಂಧ್ರಕ್ಕೆ ಸೇರಿದ ಹೊಸತು; ನನ್ನ ಹುಡುಗರು ಉತ್ತರವನ್ನು ಕನ್ನಡದಲ್ಲಿ ಆರಂಭಿಸಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ನಾನು ಅದಕ್ಕೂ ಅರ್ಧ ಅಂಕ ಕೊಟ್ಟು ತೆಪ್ಪಗಿರುತ್ತಿದ್ದೆ. ಇಂಥ ಸಾಧು ಬದುಕಿನ ನಡುವೆ ಪಂಪಾಪತಿ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಜೀಪನ್ನು ಎಲ್ಲಿಂದಲೋ ಹಿಡಿದು ತಂದ. ಒಳ್ಳೆಯ ಜೀಪು ಅದು, ಸುಳ್ಳು ಹೇಳಬಾರದು. ಕರೆದಲ್ಲಿಗೆ ಬರುತ್ತಿತ್ತು, ನಿಲ್ಲಿಸಿದಲ್ಲಿ ನಿಲ್ಲುತ್ತಿತ್ತು. ಎರಡು ತಿಂಗಳು ಹಾಗೆ ಸುಖವಾಗಿ ಓಡಿದ್ದನ್ನೇ ಅವನಿಗೆ ಸಹಿಸಲಾಗಲಿಲ್ಲ.

ನಮ್ಮಿಬ್ಬರ ಮಾವನ ಮನೆ ಹೊಳಗುಂದದಲ್ಲಿ. ದಾರಿಯುದ್ದಕ್ಕೂ ಎರೆಭೂಮಿ. ಬೇಸಿಗೆಯಲ್ಲಿ ಕಾಲು ಹೂತುಹೋಗುವಂಥ ಬಿರುಕು. ಮಳೆ ಬಿದ್ದರೆ ಹಿಡಿದ ಚಪ್ಪಲಿಯನ್ನು ಹಿಂದಕ್ಕೆ ಕೊಡದ ಕೆಸರು. ಅಲ್ಲಿ ಮಳೆಗಾಲದಲ್ಲಿ ಜೀಪು ಓಡಿಸಿ ತೋರಿಸಿದರೆ ಅಳಿಯ ಅಂದರೆ ಇವನೇ ಅನ್ನಿಸಿಕೊಳ್ಳಬಹುದು ಎಂದು ಪಂಪಾಪತಿಯ ಲೆಕ್ಕ. ಅದಕ್ಕಾಗಿ ಮಿಲಿಟರಿಯ ಯಾವುದೋ ದೊಡ್ಡ ವ್ಯಾನಿನ ನಾಲ್ಕು ಟೈರು ತರಿಸಿದ. ಅವು ಜೀಪಿನ ಹೊಟ್ಟೆಯಡಿ ಹಿಡಿಸಲಿಲ್ಲ. ಟೈರು ಹಿಡಿಸದಿದ್ದರೆ ಬುದ್ಧಿಯಿದ್ದವನು ಟೈರನ್ನು ವಾಪಸು ಮಾಡುತ್ತಾನೆ. ಇವನು ಜೀಪನ್ನೇ ಎತ್ತಿಸಿದ. ಹುಸೇನ್ ಮೇಸ್ತ್ರಿ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನು ಕತ್ತರಿಸಿ, ಜೀಪಿನ ಪಟ್ಟಿಗಳ ಜೊತೆಗೆ ಸೇರಿಸಿ ಬಿಗಿದು, ಗಾಡಿಯನ್ನು ಒಂದು ಗೇಣು ಮೇಲಕ್ಕೆತ್ತಿದ. ಹಾಗೆ ಸಿಕ್ಕ ಜಾಗವನ್ನೆಲ್ಲ ಆ ಟೈರುಗಳೇ ನುಂಗಿಬಿಟ್ಟವು.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, "ಸಾಬ್, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವ ಎರಡು ಬೆರಳು ಹೋಗಂಗಿಲ್ಲ ನೋಡ್ರಿ. ಎರಿ ಮಣ್ಣು ಒಳಗ ಹೊಕ್ಕರ ಹೊರಗ ಬರಾಕ ದಾರಿ ಎಲ್ಲೈತಿ?" ಎಂದ.

"ಏಂ ಕಾದು ಮೇಸ್ತ್ರಿ, ಏನೂ ಆಗಂಗಿಲ್ಲ," ಎಂದ ಪಂಪಾಪತಿ, "ಇಷ್ಟೆತ್ತರ ಹಾರಾಕ ಮಣ್ಣಿಗೇನು ರೆಕ್ಕಿ ಅದಾವೇನು?"

ಆಮೇಲೆ ಶುರುವಾಯಿತು ಅವನ ಮೆರೆದಾಟ. ಚಕ್ರ ದೊಡ್ಡದಾದದ್ದರಿಂದ ಕಡಿಮೆ ಸುತ್ತು ತಿರುಗಿ, ಮೈಲಿ ತೋರಿಸುವ ಯಂತ್ರ ಕಡಿಮೆ ಮೈಲಿ ತೋರಿಸತೊಡಗಿತು. ಪಂಪಾಪತಿ ಅದನ್ನು ಯಂತ್ರದ ತಪ್ಪೆಂದು ತಿಳಿಯಲಿಲ್ಲ. "ಮಾಸ್ತರ, ಹೊಳಗುಂದ ಮೊದಲಿನಷ್ಟು ದೂರ ಇಲ್ಲ ಈಗ" ಎಂದು ಗಂಭೀರವಾಗಿ ಹೇಳಿದ. ರಸ್ತೆ ಬದಿಯ ಮೈಲಿಗಲ್ಲುಗಳನ್ನು ಸರಕಾರದವರು ತಪ್ಪು ನೆಟ್ಟಿದ್ದಾರೆಂದು ಅಂಗಡಿ ಅಂಗಡಿಯಲ್ಲಿ ಕೂತು ವಾದಿಸಿದ. ಸ್ಟೀರಿಂಗ್ ತಿರುಗಿಸಲು ಎರಡು ಕೈ, ಒಂದು ಭುಜ ಮತ್ತು ಆಗಾಗ ಹಲ್ಲು ಕೂಡ ಬೇಕಾಗುತ್ತಿತ್ತು. ಅದಕ್ಕೂ ಹೆಮ್ಮೆ.

ನಾನು ನಗುತ್ತಲೇ ಇದ್ದುಬಿಡುತ್ತಿದ್ದೆನೇನೋ. ಆದರೆ ನೀಲಮ್ಮನಿಗೆ ದಿನ ತುಂಬುತ್ತ ಬಂದಿತ್ತು. ಮೊದಲಿನ ಎರಡು ಹೆರಿಗೆ ತವರಿನಲ್ಲಾಗಿದ್ದವು. ಎರಡನೆಯದರಲ್ಲಿ ಆಕೆ ಸಾವಿನ ಬಾಯಿಂದ ತಪ್ಪಿಸಿಕೊಂಡಿದ್ದಳು. ಮೂರನೆಯದಕ್ಕೆ ಆಸ್ಪತ್ರೆಯಿರುವ ಆದೋನಿಯಲ್ಲೇ ಇರಬೇಕೆಂದು ನಾನು ಹಟ ಹಿಡಿದಿದ್ದೆ. "ಇರ್ತೀನಿ, ಆದ್ರ ಅವ್ವ ನನ್ನ ತಲಿ ಹತ್ರ ಇರಬೇಕು. ಆಕಿ ಇಲ್ಲಂದ್ರ ನನಗ ಧೈರ್ಯ ಇಲ್ರಿ" ಎಂದಳು. ಹೀಗೆಲ್ಲ ಬಾಯಿಬಿಟ್ಟು ಕೇಳುವವಳಲ್ಲ ಅವಳು. ಒಂದು ವಾರದಿಂದ ಮಳೆ ಬಿಟ್ಟೂಬಿಡದೆ ಸುರಿಯುತ್ತಿತ್ತು. ಅತ್ತೆಯನ್ನು ಕರೆತರುತ್ತೇನೆಂದು ಮಾತು ಕೊಟ್ಟು, ಅವಳ ಅಕ್ಕನನ್ನು ಜೊತೆಗಿರಿಸಿ, ಬೇರೆ ಗತಿಯಿಲ್ಲದೆ ಷಡ್ಡಕನ ಜೀಪು ಹತ್ತಿದೆ.

ಹೊರಡುವ ಮುಂಚೆ ಮಳೆ ಎರಡು ದಿನ ಬಿಡುವು ಕೊಟ್ಟು ಮಣ್ಣು ಕೊಂಚ ಗಟ್ಟಿಯಾಗಿತ್ತು, ಹೇಗೋ ತಲುಪಿದೆವು. ತೊಂದರೆ ಬಂದದ್ದು ಮರುದಿನ ಬೆಳಿಗ್ಗೆ, ಮಾವನ ಮನೆಯ ಬಾಗಿಲಲ್ಲಿ. ಪಂಪಾಪತಿ ಜೀಪಿನ ಎತ್ತರವನ್ನು ಗಾಡಿಯ ಜಾಡು ನೋಡಿ ಅಳೆದಿದ್ದ, ಹಳ್ಳದ ನೀರು ನೋಡಿ ಅಳೆದಿದ್ದ. ಅತ್ತೆಯ ಕಾಲನ್ನು ಅಳೆದಿರಲಿಲ್ಲ. ನಮ್ಮ ಅತ್ತೆ ಕುಳ್ಳು, ಮೈಯಲ್ಲಿ ಸ್ವಲ್ಪ ದಪ್ಪ. ಜೀಪಿನ ಮೆಟ್ಟಿಲು ಆಕೆಯ ಸೊಂಟಕ್ಕೆ ಬಂತು.

ಕೈಕೊಟ್ಟು ಹತ್ತಿಸಬಾರದೇ ಎಂದು ನೀವು ಕೇಳಬಹುದು. ಯಾರು ಕೊಡಬೇಕು? ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರಿಗೆ ನಿಲ್ಲುವುದಿಲ್ಲ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ನಾನು ಆಕೆಯ ಮುಖವನ್ನು ನೆಟ್ಟಗೆ ನೋಡಿದ್ದಿಲ್ಲ. ಆಕೆ ನನಗೆ ಹೇಳಬೇಕಾದ್ದನ್ನೆಲ್ಲ ಬಾಗಿಲ ಸಂದಿಯಿಂದ ಮಾವನಿಗೆ ಹೇಳುತ್ತಿದ್ದಳು. ಅಳಿಯಂದಿರಿಬ್ಬರು ಅತ್ತೆಯ ರಟ್ಟೆ ಹಿಡಿದು ಎತ್ತುವುದೆಂದರೆ ಊರು ನಗುವ ಮಾತು. ಇನ್ನು ಮಾವ? ನಡುಬೀದಿಯಲ್ಲಿ, ಅಳಿಯಂದಿರ ಕಣ್ಣೆದುರಿಗೆ, ಹೆಂಡತಿಯನ್ನು ಅನಾಮತ್ತಾಗಿ ಎತ್ತುವುದಕ್ಕಿಂತ ಆತ ಬಾವಿಗೆ ಹಾರುತ್ತಿದ್ದ. ಮಣೆ ತಂದಿಟ್ಟರು, ಅತ್ತೆ ಕಾಲಿಟ್ಟೊಡನೆ ಅದು ಕೆಸರಿನಲ್ಲಿ ಇಳಿದು ಕಾಣದಾಯಿತು. ನೆರೆಮನೆಯ ಇಬ್ಬರು ಹೆಂಗಸರು ಹಿಂದಿನಿಂದ ತಳ್ಳಿದರು. ನಾನೂ ಪಂಪಾಪತಿಯೂ ಮರ್ಯಾದಸ್ಥರಂತೆ ಗೋಡೆಗೆ ಮುಖಮಾಡಿ ನಿಂತಿದ್ದೆವು. ಬೆನ್ನ ಹಿಂದೆ ಒಂದು "ಅಯ್ಯಯ್ಯೋ" ಕೇಳಿಸಿತು, ಆಮೇಲೆ ಹೆಂಗಸರ ನಗು.

ಕೊನೆಗೆ ಮಾವನಿಗೇ ಉಪಾಯ ಹೊಳೆಯಿತು. ಎತ್ತಿನ ಬಂಡಿಯನ್ನು ಜೀಪಿನ ಮಗ್ಗುಲಿಗೆ ತಂದು ನಿಲ್ಲಿಸಿದ. ಅತ್ತೆ ಮೊದಲು ಬಂಡಿ ಹತ್ತುವುದು, ಅಲ್ಲಿಂದ ಜೀಪಿಗೆ ದಾಟುವುದು. ಅತ್ತೆ ದಿನನಿತ್ಯದ ಅಭ್ಯಾಸದಂತೆ ಬಂಡಿ ಹತ್ತಿ, ಹುಲ್ಲಿನ ಮೇಲೆ ಕಂಬಳಿ ಹಾಸಿ, ಕಾಲು ಚಾಚಿ ಕೂತಳು. ಸೆರಗನ್ನು ಎಳೆದುಕೊಂಡು ಮಾವನ ಕಡೆಗೆ ತಿರುಗಿ, "ಹತ್ತಿದ್ದಾಯ್ತಲ್ಲ. ಇನ್ಯಾಕ ಇಳಿದು ಹತ್ತೋದು? ಎತ್ತು ಹೊಡಿರಿ. ಅಳಿಯಂದಿರಿಗೂ ಇದರಾಗ ಜಾಗ ಐತಿ, ಬರ್ರಿ ಅಂತ ಹೇಳ್ರಿ" ಎಂದಳು.

"ನೀವು ಮುಂದ ನಡೀರಿ ಮಾವ, ಉಂಡು ಹೊಂಟ್ರೂ ಹಳ್ಳದ ಹತ್ರ ನಿಮ್ಮನ್ನ ದಾಟಿ ಹೋಗ್ತೀವಿ" ಎಂದ ಪಂಪಾಪತಿ. ಎದುರಿಗೆ ನಾನು ಅಣ್ಣಾರ ಎನ್ನುವ ಪಂಪಾಪತಿಯೊಬ್ಬನನ್ನೇ ಬಿಟ್ಟು ಹೋಗುವುದು ಸರಿಯಲ್ಲವೆಂದು ನಾನೂ ಉಳಿದೆ.

ಉಂಡೆವು. ಮಳೆ ಬಂತು. ಹೊರಟೆವು. ಊರು ದಾಟಿ ಒಂದು ಮೈಲಿ ಹೋಗಿರಲಿಲ್ಲ, ಮೇಸ್ತ್ರಿ ಹೇಳಿದ ಮಣ್ಣು ರೆಕ್ಕೆಯಿಲ್ಲದೆಯೇ ಮೇಲೇರಿ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಗಾರೆ ಮೆತ್ತಿದಂತೆ ಕೂತುಬಿಟ್ಟಿತು. ಇಂಜಿನ್ ಅರಚುತ್ತಿತ್ತು, ಚಕ್ರ ಅಲ್ಲಾಡಲಿಲ್ಲ. ಇಳಿದು ಕೈಯಿಂದ, ಕಟ್ಟಿಗೆಯಿಂದ, ಪಂಪಾಪತಿಯ ಊಟದ ಡಬ್ಬಿಯ ಮುಚ್ಚಳದಿಂದ ಕೆರೆದು ತೆಗೆದೆವು. ಹತ್ತು ಮಾರು ಹೋಯಿತು, ಮತ್ತೆ ತುಂಬಿತು. ಮತ್ತೆ ಕೆರೆದೆವು. ಕತ್ತಲಾಗುವವರೆಗೂ ಪಂಪಾಪತಿ ತನ್ನ ಟೈರನ್ನು ಒಂದು ಮಾತೂ ಅನ್ನಲಿಲ್ಲ. ಬೈದದ್ದೆಲ್ಲ ಭೂಮಿತಾಯಿಯನ್ನು.

ಅರ್ಧ ರಾತ್ರಿ ಅಲ್ಲೇ ಕಳೆದು, ಜೀಪನ್ನು ಜೋಳದ ಹೊಲದ ಬದಿಗೆ ಬಿಟ್ಟು, ನಡೆದು, ಕಂಡವರ ಗಾಡಿ ಹತ್ತಿ, ನಾನು ಆದೋನಿ ಸೇರಿದ್ದು ಮರುದಿನ ಮಧ್ಯಾಹ್ನ. ಬಂಡಿ ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೇ ಬಂದಿತ್ತು. ಅತ್ತೆ ಕಾಲು ತೊಳೆಯುವಷ್ಟರಲ್ಲಿ ನೀಲಮ್ಮನಿಗೆ ನೋವು ಕಾಣಿಸಿಕೊಂಡು, ಬೆಳಗಿನೊಳಗೆ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತ್ತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಅದನ್ನು ಕೇಳಿ ನನಗೆ ಅಳು ಬಂತು. ಕೆಸರು ಮೆತ್ತಿದ ಮುಖದಲ್ಲಿ ಅದು ಯಾರಿಗೂ ಕಾಣಲಿಲ್ಲ.

ನೀಲಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಮೆಲ್ಲಗೆ ಕೇಳಿದಳು: "ಬಂಡ್ಯಾಗ ಜಾಗ ಇತ್ತಂತಲ್ರಿ. ಅವ್ವನ ಕೂಡ ಯಾಕ ಬರಲಿಲ್ಲ? ರಾತ್ರಿಯೆಲ್ಲ ನಿಮ್ಮನ್ನ ಕೇಳಿದೆ."

"ಅಣ್ಣಾರ ಒಬ್ರೇ ಆಗ್ತಿದ್ರು" ಎಂದೆ. ಅವಳು ನಂಬಿದಳು. ನಂಬಿ, ನನ್ನ ಗುಣ ದೊಡ್ಡದೆಂದು ತಾಯಿಗೆ ಹೇಳಿದಳು ಕೂಡ.

ಓದುಗರಿಗೆ ಮಾತ್ರ ನಿಜ ಹೇಳುತ್ತೇನೆ. ಆದೋನಿಯ ಬಜಾರಿನಲ್ಲಿ ನಮ್ಮ ಹೆಡ್‌ಮಾಸ್ತರರ ಮನೆ. ಸಂಜೆ ಅವರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಆ ಹೊತ್ತಿಗೆ ಆ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಅವರ ಮುಂದೆ ಹಾದುಹೋಗಬೇಕೆಂದೂ, ಒಮ್ಮೆಯಾದರೂ ಅವರು ಕತ್ತೆತ್ತಿ ನನ್ನನ್ನು ನೋಡಬೇಕೆಂದೂ ನನಗೆ ಆಸೆಯಿತ್ತು. ಹೆಂಡತಿ ನನ್ನನ್ನು ಕೇಳುತ್ತಿದ್ದ ರಾತ್ರಿ ನಾನು ಡಬ್ಬಿಯ ಮುಚ್ಚಳ ಹಿಡಿದು ಹೊಲದಲ್ಲಿ ಕೂತಿದ್ದದ್ದು ಅದಕ್ಕಾಗಿ.