ಲಾರಿ ಹತ್ತಿ ಬಂದ ತುಳು

ನಮ್ಮ ಚಿಕ್ಕಪ್ಪ ದೊಡ್ಡ ತುಳು ಪಂಡಿತರು. ಅನುಮಾನವಿದ್ದರೆ ಮಾರನಹಳ್ಳಿಯಲ್ಲಿ ಯಾರನ್ನಾದರೂ ಕೇಳಿ. ತುಳು ಬಲ್ಲವರನ್ನು ಮಾತ್ರ ಕೇಳಬೇಡಿ!

ನಮ್ಮದು ಘಟ್ಟದ ಕೆಳಗಿನ ಮನೆತನ. ಕಾಫಿ ತೋಟ ಮಾಡಲು ಘಟ್ಟದ ಮೇಲೆ ಬಂದವರು ತುಳುವನ್ನು ದಾರಿಯಲ್ಲೇ ಎಲ್ಲೋ ಇಳಿಸಿಬಿಟ್ಟರು. ಉಳಿಸಿಕೊಂಡವಳು ಅಜ್ಜಿ ಒಬ್ಬಳೇ. ಅವ್ವ ಅನ್ನಬೇಡ, ಅಪ್ಪೆ ಅನ್ನು ಎಂದು ಅವಳು ತುಳುವಿನಲ್ಲಿ ಬೈದರೆ ಮಗನಾದ ಚಿಕ್ಕಪ್ಪ ಕನ್ನಡದಲ್ಲಿ ಎದುರು ಮಾತಾಡುತ್ತಿದ್ದರು. ತೀರಿಕೊಂಡ ಹಿರಿಯರಿಗೆ ದೀಪಾವಳಿಯಲ್ಲಿ ಎಲೆ ಹಾಕಿ, ಕೋಳಿ ಸಾರು ಬಡಿಸಿ, ತುಳುವಿನಲ್ಲೇ ಊಟಕ್ಕೆ ಕರೆಯುವುದು ನಮ್ಮ ಪದ್ಧತಿ. ಕರೆಯುತ್ತಿದ್ದವಳು ಅಜ್ಜಿ. ಈ ಸಲ ಅಜ್ಜಿಗೇ ಎಲೆ ಹಾಕಬೇಕಾಗಿ ಬಂತು. ಕರೆಯುವವರು ಯಾರು?

"ಕನ್ನಡದಲ್ಲೇ ಕರೆದರಾಯ್ತು ಬಿಡಿ ಚಿಕ್ಕಪ್ಪ" ಎಂದೆ.

"ಬದುಕಿದ್ದಾಗ್ಲೇ ಕನ್ನಡದಲ್ಲಿ ಕರುದ್ರೆ ಕಿವಿ ಕೇಳ್ಸಲ್ಲ ಅಂತಿದ್ಲು ಕಣೋ ನಮ್ಮವ್ವ. ಈಗ ಬರ್ತಾಳಾ? ಎಲೆ ಹಂಗೇ ಉಳ್ಕಂಡ್ಬುಟ್ರೆ ಏನ್ ಮಾಡ್ಲಿ ಮಾರಾಯ?"

ಅವತ್ತಿನಿಂದ ಶುರುವಾಯಿತು ನೋಡಿ. ಚಿಕ್ಕಪ್ಪ ಕೂತಲ್ಲಿ ಕೂರರು, ನಿಂತಲ್ಲಿ ನಿಲ್ಲರು. ಮೊದಲು ಮೊಬೈಲಿನಲ್ಲಿ ಪಾಠ ಕೇಳಿದರು. "ನಾ ಮಾತಾಡಿದ್ರೆ ಅದು ಉತ್ರನೇ ಕೊಡಲ್ಲ" ಎಂದು ಬಿಟ್ಟರು. ಆಮೇಲೆ ಹೆದ್ದಾರಿ ಹಿಡಿದರು. ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬಂದ ಲಾರಿಗಳು ನಿಲ್ಲುವ ಟೀ ಹೋಟೆಲೇ ಪಾಠಶಾಲೆ, ಡ್ರೈವರುಗಳೇ ಮೇಷ್ಟ್ರುಗಳು! ತೋಟದ ಕೆಲಸ ಕೇಳಲು ಆಳುಗಳ ಲೆಕ್ಕ ಬರೆಯುವ ನಮ್ಮ ರೈಟರ್ ಕೂಡ ಅಲ್ಲಿಗೇ ಬರಬೇಕಾಯಿತು.

ಆದರೆ ಡ್ರೈವರುಗಳು ಕಲಿಸುವುದಾದರೂ ಏನನ್ನು? ಬ್ರೇಕ್ ಫೇಲಾದ ಕಥೆಯನ್ನು ಚಿಕ್ಕಪ್ಪ ತುಳುವಿನಲ್ಲಿ ಕಣ್ಣಿಗೆ ಕಟ್ಟುವಂತೆ ಹೇಳಬಲ್ಲರು. ಉಪ್ಪು ಕೇಳಲು ಬಾರದು.

"ಅತ್ತೆ ಊಟಕ್ ಬರ್ತಾರೋ, ಲೋಡ್ ತಗಂಡ್ ಬರ್ತಾರೋ?" ಎಂದು ಚಿಕ್ಕಮ್ಮ ರೇಗಿಸಿದರು. ಚಿಕ್ಕಪ್ಪ ಟಾರ್ಚು ಹುಡುಕುವ ನೆಪದಲ್ಲಿ ಎದ್ದು ಹೋದರು.

ಹಬ್ಬದ ದಿನ ಎಲೆಗಳ ಮುಂದೆ ನಿಂತರು. ಪಂಚೆ ಎತ್ತಿ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಕೊನೆಗೆ "ಬಲೆ, ಬಲೆ" ಎಂದು ಹಿರಿಯರನ್ನು ಕರೆದರು. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಗಾಬರಿಯಲ್ಲಿ "ಘಾಟಿಡ್ ಜಾಮ್ ಇತ್ತ್ಂಡಾ?" ಎಂದೂ ಕೇಳಿಬಿಟ್ಟರು. ಪರಲೋಕದಿಂದ ಬರುವವರಿಗೆ ಘಾಟಿಯಲ್ಲಿ ಜಾಮ್ ಇತ್ತೇ ಎಂದು! ಚಿಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದರು.

ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ಕಾಯುವುದು ರೂಢಿ. ಚಿಕ್ಕಪ್ಪ ಅಂಗಳದ ತುಂಬ ತಿರುಗಿದರು.

"ಬಂದಿರ್ತಾಳೇನೋ?" ಎಂದು ನನ್ನ ಹತ್ತಿರ ಬಂದು ಕೇಳಿದರು.

"ಬಂದಿರ್ತಾಳೆ ಚಿಕ್ಕಪ್ಪ" ಎಂದೆ. ನನಗೇನು ಗೊತ್ತು?

ಬಾಗಿಲು ತೆರೆದ ಮೇಲೆ ಹಿರಿಯರನ್ನು ಕಳಿಸಿಕೊಡಬೇಕು. ಆಗ ಅಜ್ಜಿ ಏನು ಹೇಳುತ್ತಿದ್ದಳೋ ಯಾರಿಗೂ ನೆನಪಿರಲಿಲ್ಲ. ಚಿಕ್ಕಪ್ಪ ಅವಳ ಎಲೆಯ ಮುಂದೆ ಕೂತರು. ಅಷ್ಟು ದಿನಗಳಲ್ಲಿ ಅವರು ಅಲುಗಾಡದೆ ಕೂತದ್ದನ್ನು ಆಗಲೇ ನೋಡಿದೆ. ಘಾಟಿ ಇಳಿಯಲು ಹೊರಟ ಡ್ರೈವರಿಗೆ ಜೊತೆಯವರು ನಿಧಾನವಾಗಿ ಹೋಗಿ ಎನ್ನುವ ಮಾತೊಂದಿದೆಯಲ್ಲ, ಕಳಿಸಿಕೊಡುವಾಗ ಹೇಳಲು ಅವರಿಗೆ ಬರುತ್ತಿದ್ದದ್ದು ಅದೊಂದೇ. ಬದುಕಿದ್ದಾಗ ಅವಳೊಡನೆ ಒಂದು ತುಳು ಮಾತೂ ಆಡದಿದ್ದ ಮಗ ಎಲೆಯ ಅಂಚನ್ನು ಮುಟ್ಟಿ ಹೇಳಿದರು:

"ಮೆಲ್ಲ ಪೋಲೆ, ಅಪ್ಪೆ."

ಚಿಕ್ಕಮ್ಮ ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.